ರೊಟ್ಟಿಯ ಮಣೆ

ನಮ್ಮಕ್ಕ ಅನ್ನಮ್ಮನನ್ನು ಕೊಡಕ್ಕೆ ತೇಪೆ ಹಚ್ಚುವವನಿಗೆ ಕೊಟ್ಟರಲ್ಲ ಎಂದು ಬಹಳ ವರ್ಷ ನಾನು ನಮ್ಮಪ್ಪನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಅಕ್ಕನ ಗಂಡ ಚಂದ್ರಶಾ ಮಾಮಾನ ಮೇಲೆಯೇ ಸಿಟ್ಟಾಗೋಣವೆಂದರೆ ಆ ಮನುಷ್ಯ ಅದಕ್ಕೆ ಆಸ್ಪದವನ್ನೇ ಕೊಡುತ್ತಿರಲಿಲ್ಲ. ಬೈದರೆ ನಗುತ್ತಿದ್ದ, ಹೊಗಳಿದರೆ ನೆಲ ನೋಡುತ್ತಿದ್ದ. ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ? ಕಲಬುರಗಿಯಲ್ಲಿ ಮೋಮಿನಪುರದ ಅಂಚಿಗೆ ತಗಡು ಹೊದಿಸಿದ ಎರಡು ಖೋಲಿಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ನಾನು ಕಲಬುರಗಿ–ಕಮಲಾಪುರ ಬಸ್ಸಿನ ಕಂಡಕ್ಟರ್. ಮಾಮಾನ ಬದುಕನ್ನೆಲ್ಲ ನಾನು ನೋಡಿದ್ದು ಆ ಬಸ್ಸಿನ ಹಿಂದಿನ ಬಾಗಿಲಿನಿಂದ ಎಂದರೂ ನಡೆದೀತು.

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಪ್ಲಾಸ್ಟಿಕ್ ಕೊಡಗಳು ಬಂದವು. ತಾಮ್ರದ ಕೊಡ ಹೊತ್ತು ಸೊಂಟ ಸೋತಿದ್ದ ಹೆಂಗಸರು ಅವನ್ನು ಎತ್ತಿ ಎತ್ತಿ ನೋಡಿ ನಕ್ಕರು. ಆದರೆ ಬೋರಿನ ಮುಂದೆ ಪಾಳಿಗಾಗಿ ಜಗಳ ಹತ್ತಿ, ಕೊಡಕ್ಕೆ ಕೊಡ ಬಡಿದು, ಅವು ಬೇಗ ಸೀಳುತ್ತಿದ್ದವು. ಸೀಳಿದ್ದನ್ನು ಎಸೆಯುವ ಧಾರಾಳ ಆಗ ಯಾರಿಗಿತ್ತು? ಎಲ್ಲರೂ ಮಾಮಾನ ಹತ್ತಿರ ತರುತ್ತಿದ್ದರು. ಅವನು ಸಂತೆಯ ದಿನ ಕಮಲಾಪುರಕ್ಕೆ ಬಂದು ಗೋಡೆಯ ನೆರಳಿಗೆ ಗೋಣಿ ಹಾಸಿ, ಸೀಮೆಎಣ್ಣೆ ಸ್ಟೋವಿನಲ್ಲಿ ಕಬ್ಬಿಣದ ಸಲಾಕೆ ಕಾಯಿಸುತ್ತಿದ್ದ. ಹಳೆಯ ಬಕೀಟಿನ ಚೂರೊಂದನ್ನು ಸೀಳಿನ ಮೇಲಿಟ್ಟು, ಸಲಾಕೆಯಿಂದ ಕರಗಿಸಿ, ಬೆರಳಿಗೆ ಉಗುಳು ಹಚ್ಚಿಕೊಂಡು ತೀಡುತ್ತಿದ್ದ. ಹಸಿರು ಕೊಡಕ್ಕೆ ಕೆಂಪು ತೇಪೆ, ಹಳದಿ ಕೊಡಕ್ಕೆ ನೀಲಿ ತೇಪೆ. ಬೋರಿನ ಮುಂದಿನ ಸಾಲಿನಲ್ಲಿ ಯಾವ ಕೊಡ ಯಾರದು ಎಂದು ಗುರುತಿಸಲು ಅದರಿಂದ ಅನುಕೂಲವೇ ಆಯಿತು.

ಒಂದೇ ಒಂದು ತಕರಾರು. ಆರಿದ ಮೇಲೆ ತೇಪೆ ಸೆಟೆದುಕೊಂಡು ಅಂಚಿನಲ್ಲಿ ಬಿಡುತ್ತಿತ್ತು. ಮಾಮಾ ಅದಕ್ಕೆ ಬೂದಿ ಬೆರೆಸಿ ನೋಡಿದ, ಕಟ್ಟಿಗೆಯ ಹೊಟ್ಟು ಬೆರೆಸಿ ನೋಡಿದ. ಒಂದು ದಿನ ಬುತ್ತಿಯಲ್ಲಿ ಉಳಿದ, ಒಣಗಿ ಗಟ್ಟಿಯಾದ ಕಟಕ ರೊಟ್ಟಿಯ ಪುಡಿಯನ್ನು ಯಾಕೋ ಬೆರೆಸಿದ. ತೇಪೆ ಗಟ್ಟಿ ಕೂತಿತು. ಆ ಸಂಜೆ ಬಸ್ಸಿನಲ್ಲಿ ಅವನು ಅದನ್ನು ಹೇಳಿದಾಗ ನಾನು ಗಹಗಹಿಸಿ ನಕ್ಕೆ.

"ಮಾಮಾ, ಅಕ್ಕ ಸುಟ್ಟ ರೊಟ್ಟಿ ಹಲ್ಲಿಗೆ ಬಗ್ಗಂಗಿಲ್ಲಂತ ಗೊತ್ತಿತ್ತು. ಕೊಡಕ್ಕೂ ಬಗ್ಗಂಗಿಲ್ಲಂತ ಇವತ್ತ ಗೊತ್ತಾತು ನೋಡ್."

ಅವನೂ ನಕ್ಕ. ಆದರೆ ಅವನ ತಲೆಯಿಂದ ಆ ರೊಟ್ಟಿ ಇಳಿಯಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೊಡಗಳು ಹಾಳೆಯಷ್ಟು ತೆಳ್ಳಗೆ, ಕವಡೆ ಕಿಮ್ಮತ್ತಿಗೆ ಬರತೊಡಗಿದವು. ಸೀಳಿದರೆ ಎಸೆದು ಹೊಸದು ತರುತ್ತಿದ್ದರು. ಸಂತೆಯಲ್ಲಿ ಮಾಮಾ ಸ್ಟೋವು ಹಚ್ಚದೆಯೇ ಕೂತಿರುತ್ತಿದ್ದ. ಪರಿಚಯದ ಹೆಂಗಸರು "ಆರಾಮ ಅದೀರಿಲ್ರಿ ಚಂದ್ರಶಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಮೂವತ್ತು ಮಾರು ದೂರದಿಂದ ಕೂಗಿ ಕರೆಯುತ್ತಿದ್ದವರು ಈಗ ಮಾತಾಡಿಸಿ ಹೋಗುವುದೇ ದೊಡ್ಡ ಉಪಕಾರ ಎಂಬಂತಾಯಿತು. ನನಗೆ ಹೊಟ್ಟೆ ಉರಿಯುತ್ತಿತ್ತು. ಏನು ಮಾಡಲಿ, ಊರ ಕೊಡಗಳನ್ನು ನಾನೇ ಒಡೆದು ಬರಲೇ?

ಆಗ ಅವನು ಮಣೆಗೆ ಕೈಹಾಕಿದ. ಊಟಕ್ಕೆ ಕೂರುವ ಮಣೆ. ಕಟ್ಟಿಗೆಯ ಮಣೆ ಕೊಳ್ಳುವುದು ಬಡವರ ಕೈಯಲ್ಲಿ ಆಗುವುದಿಲ್ಲ. ಶಹಾಬಾದಿ ಫರಸಿಯ ಕಲ್ಲುನೆಲದ ಮೇಲೆ ಚಳಿಗಾಲದಲ್ಲಿ ಕೂತರೆ ಸೊಂಟದ ತನಕ ಜುಮ್ಮೆನ್ನುತ್ತದೆ. ತೇಪೆ ಗಟ್ಟಿ ನಿಂತ ಮೇಲೆ ಹಲಗೆ ಯಾಕೆ ನಿಲ್ಲಬಾರದು ಎಂಬುದು ಅವನ ವಿಚಾರ.

ಮೋಮಿನಪುರದ ಮಕ್ಸೂದ್ ಅವನ ಹಳೆಯ ಗೆಳೆಯ, ಗುಜರಿ ವ್ಯಾಪಾರಿ. ಒಡೆದ ಬಕೀಟು, ಎಣ್ಣೆ ಡಬ್ಬಿ, ಕಾಲು ಮುರಿದ ಕುರ್ಚಿ ಅವನ ಅಂಗಳದಿಂದ ಬಂದವು. ಪೇಟೆಯ ಒಂದು ಖಾನಾವಳಿಯಿಂದ ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟ ಜೋಳದ ರೊಟ್ಟಿ ಬಂತು. ಕಮಲಾಪುರದ ಸಂತೆಯಿಂದ ಕೆಂಪು ಬಾಳೆಹಣ್ಣಿನ ಸಿಪ್ಪೆ ಚೀಲಗಟ್ಟಲೆ ನನ್ನ ಬಸ್ಸಿನ ನೆತ್ತಿಯ ಮೇಲೆ ಬಂತು. ನೊಣಗಳೂ ಜೊತೆಗೇ ಬರುತ್ತಿದ್ದವು, ಟಿಕೆಟ್ ಇಲ್ಲದೆ. ಡ್ರೈವರ್ ನನ್ನನ್ನು ಎಷ್ಟು ಬೈದನೋ ದೇವರಿಗೇ ಗೊತ್ತು.

ಅಕ್ಕ ಅವೆಲ್ಲವನ್ನೂ ತಗಡಿನ ಮೇಲೆ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಹಿಟ್ಟು ಸಾಣಿಸುವಂತೆ ಸಾಣಿಸುತ್ತಿದ್ದಳು. ಸ್ವಲ್ಪ ತೇವ ಉಳಿದರೂ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಗುಳ್ಳೆ ಎದ್ದು ಹಲಗೆ ತೂತು ಬೀಳುತ್ತಿತ್ತು. ಮಾಮಾ ಕತ್ತರಿಸಿದ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಚೂರು ಕರಗಿಸಿ, ಪುಡಿ ಬೆರೆಸಿ, ಕೋಲಿನಿಂದ ತಿರುವುತ್ತಾ ಮೂಗು ಮುಂದೆ ಮಾಡಿ ಕೂತಿರುತ್ತಿದ್ದ. ಪ್ಲಾಸ್ಟಿಕ್ಕಿನ ಕಮಟಿನೊಳಗಿಂದ ಹಂಚಿನ ಮೇಲೆ ರೊಟ್ಟಿ ಮಗುಚಿದ ವಾಸನೆ ಎದ್ದ ಕೂಡಲೇ ಇಳಿಸಿ, ಕಬ್ಬಿಣದ ಚೌಕಟ್ಟಿಗೆ ಸುರಿದು, ಲಾರಿಯ ಜಾಕಿನಿಂದ ಒತ್ತಬೇಕು. ತುಸು ತಡವಾದರೆ ಕರಿ ಇದ್ದಿಲು. ಮೊದಲ ಮಣೆಗಳನ್ನು ಇರುವೆ ತಿಂದವು, ಆಮೇಲಿನವನ್ನು ಇಲಿ ತಿಂದವು.

"ಇಲಿಗೋಳಿಗೆ ಊಟಕ್ಕ ಮಣಿ ಹಾಕಿ ಕೊಟ್ಟಿ ಮಾಮಾ, ಭಾಳ ಪುಣ್ಯ ಬರ್ತದ" ಎಂದೆ ನಾನು.

ಅವನು ಅದಕ್ಕೂ ನಕ್ಕ. ಮೇಲೊಂದು ಕೆಳಗೊಂದು ಬರೀ ಪ್ಲಾಸ್ಟಿಕ್ಕಿನ ಪದರು ಕೊಟ್ಟು ಅಂಚು ಮುಚ್ಚುವುದನ್ನು ಕಂಡುಕೊಳ್ಳುವ ತನಕ ಬಿಡಲಿಲ್ಲ. ಕಡೆಗೆ ಕೆಂಗಂದು ಬಣ್ಣದ, ನುಣ್ಣನೆಯ ಒಂದು ಮಣೆ ಹೊರಬಂತು. ನಾನು ಅದರ ಮೇಲೆ ಹತ್ತಿ ಕುಣಿದೆ. ಜಪ್ಪಯ್ಯ ಎನ್ನಲಿಲ್ಲ. ಮಾಮಾನ ಕಣ್ಣಲ್ಲಿ ನೀರು ಬಂತು, ಹೊಗೆ ಎಂದ.

ಆದರೆ ಕೊಳ್ಳುವವರು ಬೇಕಲ್ಲ. ಸಂತೆಯಲ್ಲಿ ಇಟ್ಟುಕೊಂಡು ಕೂತರೆ ಜನ ಬೆರಳಿನಿಂದ ಬಡಿದು ನೋಡಿ, ಕಟ್ಟಿಗೆಯೂ ಅಲ್ಲ ಕಲ್ಲೂ ಅಲ್ಲ ಎಂದು ಹೋಗುತ್ತಿದ್ದರು. "ಒಮ್ಮಿ ಕುಂತ್ರ ಗೊತ್ತಾಗ್ತದ" ಎನ್ನುತ್ತಿದ್ದ ಮಾಮಾ. "ಯಾರರೇ ಕುಂತು ನಾಕ ದಿನ ಉಣಬೇಕು. ಅಷ್ಟಾದ್ರ ಸಾಕು ನನಗ." ಅವನಿಗೆ ಬೇಕಾಗಿದ್ದದ್ದು ನಿಜಕ್ಕೂ ಅಷ್ಟೇ. ಕೊಡದ ಕೆಲಸ ಸತ್ತಿತ್ತು. ಇದೂ ಸತ್ತರೆ ಅವನ ಕೈಗೆ ಇನ್ನೇನೂ ಉಳಿಯುತ್ತಿರಲಿಲ್ಲ.

ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಶುರುವಾದ ಮರುವರ್ಷದ ಮಾತು. ಕಮಲಾಪುರದ ಒಂದು ಶಾಲೆಯ ಹೆಡ್ ಮಾಸ್ತರ್ ದತ್ತಪ್ಪ ದಿನಾ ನನ್ನ ಬಸ್ಸಿನಲ್ಲೇ ಓಡಾಡುತ್ತಿದ್ದರು. ಒಂದು ದಿನ ಸೀಟು ಸಿಗದೆ, ಸಂತೆಗೆ ಹೊರಟಿದ್ದ ಮಾಮಾ ತನ್ನ ಬಳಿ ಇಟ್ಟುಕೊಂಡಿದ್ದ ಮಣೆಯನ್ನೇ ಬಾಗಿಲ ಪಕ್ಕಕ್ಕೆ ಹಾಕಿಕೊಂಡು ಕೂತರು. ಊರು ಬರುವ ತನಕ ಏಳಲಿಲ್ಲ.

"ಬೆಚ್ಚಗದಲ್ರೀ ಇದು!" ಎಂದರು ಇಳಿಯುವಾಗ. "ನಮ್ಮ ಹುಡುಗ್ರು ಥಂಡ್ಯಾಗ ಫರಸಿ ಮ್ಯಾಲ ಕುಂತು ಉಣ್ತಾವ್. ಮೊದಲ ಒಂದು ವರ್ಗಕ್ಕ ಮಾಡಿ ಕೊಡ್ರಿ ಚಂದ್ರಶಾ. ಹುಡುಗ್ರು ಕುಂತ್ರ ಇಡೀ ಸಾಲಿಗಿ ಹೇಳ್ತೀನಿ, ಸುತ್ತಿನ ಸಾಲಿಗೋಳಿಗೂ ಹೇಳ್ತೀನಿ."

ಆ ದಿನ ಮಾಮಾ ಮನೆಗೆ ಹೋದವನು ನಡೆದು ಹೋದನೋ ಹಾರಿ ಹೋದನೋ. ಅಕ್ಕನ ಒರಳಿನ ಸದ್ದು ಕೇಳಿ ಓಣಿಯವರು ಮದುವೆಗೆ ಮಸಾಲೆ ಕುಟ್ಟುತ್ತಿದ್ದಾರೆ ಎಂದುಕೊಂಡರಂತೆ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಆದರೂ "ಇನ್ನೊಂದೀಟು ಸಣ್ಣಗ ಆಗ್ಲಿ, ಹುಡುಗ್ರ ಕುಂದರೂದದ" ಎನ್ನುತ್ತಿದ್ದಳು. ಪುಷ್ಯದ ಚಳಿ ಇಳಿಯುವುದರೊಳಗೆ ಒಂದು ವರ್ಗಕ್ಕೆ ಬೇಕಾದಷ್ಟು ಮಣೆ ತಯಾರಾದವು, ಒಡೆದರೆ ಇರಲಿ ಎಂದು ನಾಲ್ಕು ಹೆಚ್ಚಿಗೆ ಮಾಡಿ ಮನೆಯಲ್ಲಿಟ್ಟುಕೊಂಡರು.

ಕೊಡುವ ದಿನ ದತ್ತಪ್ಪ ಮಾಸ್ತರರು ಪಾಲಕರನ್ನೂ ಕರೆಸಿದ್ದರು. ನನಗೆ ರಜೆ ಇತ್ತು. ಅಕ್ಕ, ಮಾಮಾನ ಜೊತೆ ನಾನೂ ಹೋದೆ. ವರಾಂಡದಲ್ಲಿ ಸಾಲಾಗಿ ಮಣೆ ಹಾಕಿದ್ದರು. ಹುಡುಗರು ಅವುಗಳ ಹಿಂದೆ ತಟ್ಟೆ ಹಿಡಿದು ನಿಂತಿದ್ದರು. ಅಡಿಗೆಯ ಖೋಲಿಯಿಂದ ಬಿಸಿ ಸಾರಿನ ವಾಸನೆ ಬರುತ್ತಿತ್ತು. ಎಲ್ಲ ಸರಿ ಇತ್ತು. ಮಾಸ್ತರರು ಸುಮ್ಮನೆ "ಕುಂದರ್ರಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರಿಗೆ ಮಾಮಾನನ್ನು ಮಂದಿಯ ಮುಂದೆ ದೊಡ್ಡವನು ಮಾಡುವ ಹುಮ್ಮಸ್ಸು.

"ಇದನ್ನ ಹ್ಯಾಂಗ ಮಾಡೀರಿ, ಏನೇನ ಹಾಕೀರಿ, ಒಂದೀಟ ಹೇಳ್ರಿ ಚಂದ್ರಶಾ" ಎಂದರು.

ಅವನನ್ನು ಹಾಗೆ ಕೇಳಿದವರು ಅದುವರೆಗೆ ಯಾರಿದ್ದರು? ನೆಲ ನೋಡುವ ಮನುಷ್ಯ ಅವತ್ತು ತಲೆ ಎತ್ತಿದ. ಒಡೆದ ಬಕೀಟು ಹೇಳಿದ, ಬಾಳೆಯ ಸಿಪ್ಪೆ ಹೇಳಿದ. ನಾನು ಕಣ್ಸನ್ನೆ ಮಾಡುವುದರೊಳಗೆ, "ಮತ್ತ ಖಾನಾವಳ್ಯಾಗ ಮಂದಿ ಉಂಡು ತಾಟಿನ್ಯಾಗ ಬಿಟ್ಟ ರೊಟ್ಟಿ. ಅದರ ಮ್ಯಾಲೇ ಎಲ್ಲಾ ನಿಂತದ ನೋಡ್ರಿ" ಎಂದುಬಿಟ್ಟ.

ಹಿಂದೆ ಕೂತಿದ್ದ ಬಂಡೆಮ್ಮ ಎದ್ದು ನಿಂತಳು. ಅವಳ ಮೊಮ್ಮಗ ಆ ವರ್ಗದಲ್ಲಿದ್ದ. ಓಣಿಯ ಹೆರಿಗೆ, ಮದುವೆ, ಜಗಳ ಯಾವುದೂ ಅವಳಿಲ್ಲದೆ ನಡೆಯುತ್ತಿರಲಿಲ್ಲ.

"ಎಂಜಲಾ? ಕಂಡವ್ರ ಎಂಜಲದ ಮ್ಯಾಲ ಕುಂತು ನಮ್ಮ ಹುಡುಗ್ರು ಅನ್ನ ಉಣಬೇಕಾ?"

"ಬೆಂಕ್ಯಾಗ ಹಾದು ಬಂದದ್ರೀ ಯವ್ವಾ..." ಎಂದ ಮಾಮಾ. ಯಾರೂ ಕೇಳಲಿಲ್ಲ. ಒಬ್ಬಳು ತಾಯಿ ಮಗನ ರಟ್ಟೆ ಹಿಡಿದು ಎಳೆದಳು, ಇನ್ನೊಬ್ಬಳು ಮಣೆ ಮುಟ್ಟಿದ್ದ ಮಗಳ ಕೈಯನ್ನು ಸೆರಗಿನಿಂದ ಒರೆಸಿದಳು. ನಾನು ಕಂಡಕ್ಟರ್, ತುಂಬಿದ ಬಸ್ಸಿನಲ್ಲಿ ನೂರು ಮಂದಿಯ ಬಾಯಿ ಮುಚ್ಚಿಸಿದವನು. ಅಲ್ಲಿ ಕಂಬದ ಮರೆಗೆ ಸರಿದು ನಿಂತೆ.

ಆಗ ಅಕ್ಕ ಮುಂದೆ ಬಂದಳು. ತಲೆಯ ಮೇಲಿನ ಸೆರಗು ಎಳೆದುಕೊಂಡು, ಒಂದೇ ಉಸಿರಿಗೆ ಹೇಳಿದಳು: "ಎಂಜಲ ಅಲ್ರೀ ಯವ್ವಾ, ಅವ್ರಿಗಿ ಮಾತಾಡ್ಲಾಕ ಬರಂಗಿಲ್ಲ. ಖಾನಾವಳಿದಲ್ಲ, ಮಠದ ದಾಸೋಹದ ರೊಟ್ಟಿ. ಪ್ರಸಾದ ರೀ. ಉಳದದ್ದು ಮಂದಿ ಕಾಲಾಗ ಬೀಳಬಾರದಂತ ಇವ್ರು ಮಣಿ ಮಾಡ್ಯಾರ."

ಅಪ್ಪಟ ಸುಳ್ಳು. ಯಾವ ಮಠದ ರೊಟ್ಟಿಯೂ ನಮ್ಮ ಒರಳಿಗೆ ಬಿದ್ದಿರಲಿಲ್ಲ. ಆದರೆ ಆ ಮಾತು ಬಿದ್ದ ಕೂಡಲೇ ಬಂಡೆಮ್ಮನ ಮುಖ ಬದಲಾಯಿತು. ಎಳೆದಾಡುತ್ತಿದ್ದ ತಾಯಂದಿರು ನಿಂತರು. ಬಂಡೆಮ್ಮ ಬಗ್ಗಿ ಒಂದು ಮಣೆಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡಳು. ಅಕ್ಕ ಗೆದ್ದಳು ಎಂದು ನಾನು ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಹೋಗಿರಲಿಲ್ಲ.

"ಏ ಅನ್ನಮ್ಮಾ," ಎಂದಳು ಬಂಡೆಮ್ಮ, "ಪ್ರಸಾದ ಕಾಲಾಗ ಬೀಳಬಾರದಂತಿ. ಕುಂಡಿಗಿ ಹಾಕ್ಕೊಂಡು ಕುಂದರಬಹುದೇನ?"

ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ದಾಸೋಹದಲ್ಲಿ ಅಗುಳೊಂದು ಬಿದ್ದರೂ ಎತ್ತಿ ಬಾಯಿಗೆ ಹಾಕಿಕೊಳ್ಳುವ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಮಂದಿ ನಾವು. ಅದನ್ನು ಅಕ್ಕನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಅವತ್ತು ಹುಡುಗರು ಫರಸಿಯ ಮೇಲೆಯೇ ಉಂಡರು. ಮಣೆಗಳನ್ನು ಗೋಡೆಗೆ ಆನಿಸಿ ಇಟ್ಟರು.

ಮುಂದಿನ ವಾರದ ಹೊತ್ತಿಗೆ ಅವುಗಳ ಮೇಲೆ ವಿಭೂತಿ ಬಿದ್ದಿತ್ತು. ಬಂಡೆಮ್ಮ ಒಂದನ್ನು ಮನೆಗೊಯ್ದು ದೇವರ ಜಗಲಿಯ ಮೇಲಿಟ್ಟಳು. ಅವಳು ಒಯ್ದ ಮೇಲೆ ಉಳಿದವರು ಬಿಡುತ್ತಾರೆಯೇ? ಒಬ್ಬೊಬ್ಬರೇ ಬಂದು, ನಮ್ಮ ಹುಡುಗನ ಪಾಲಿನದು ಎಂದು ಎತ್ತಿಕೊಂಡು ಹೋದರು. ಬೇಡ ಎನ್ನುವ ಶಕ್ತಿ ಮಾಸ್ತರರಿಗಿರಲಿಲ್ಲ.

"ನಾ ಏನ್ ಮಾಡ್ಲಿ ಹೇಳ್ರಿ?" ಎಂದರು ಅವರು ಬಸ್ಸಿನಲ್ಲಿ, ನನ್ನ ಮುಖ ನೋಡದೆ. "ಊರ ಎದುರ ಹಾಕ್ಕೊಂಡು ಸಾಲಿ ನಡಸ್ಲಾಕ ಬರ್ತದೇನ? ಬ್ಯಾರೆ ವರ್ಗದ್ದು ಸದ್ಯಕ್ಕ ಬ್ಯಾಡ್ರಿ." ಅಂದು ಬಸ್ಸಿನಲ್ಲಿ ಮಾಮಾನ ಒಂದು ಮಣೆ ಇತ್ತು. ಸೀಟಿಲ್ಲದಿದ್ದರೂ ಅವರು ಅದರ ಮೇಲೆ ಕೂರಲಿಲ್ಲ, ಊರು ಬರುವ ತನಕ ನಿಂತೇ ಬಂದರು. ಇಳಿಯುವಾಗ ಅದಕ್ಕೆ ಕಾಲು ತಗುಲಿತು. ಬಗ್ಗಿ ಮುಟ್ಟಿ ನಮಸ್ಕಾರ ಮಾಡಿದರು. ಖಾನಾವಳಿಯ ರೊಟ್ಟಿ ಎಂದು ಮಾಮಾ ಮೊದಲು ಹೇಳಿದ್ದನ್ನು ಅವರೂ ಕೇಳಿದ್ದರು!

ಸುದ್ದಿ ಕೇಳಿ ಮಕ್ಸೂದ್ ತೊಡೆ ತಟ್ಟಿದ. "ಅರೇ ಚಂದ್ರಶಾ ಭಾಯ್, ಕೈಕು ರೋತೇ, ಯಾಕ ಅಳ್ತೀರಿ? ಕುಂದರಂಗಿಲ್ಲಂದ್ರ ಬ್ಯಾಡ, ಪೂಜಾಕ್ಕ ಮಾರ್ರಿ. ಒಂದು ಊರ ಒಯ್ದದ, ಹತ್ತ ಊರ ಒಯ್ತದ. ಮಾಲ್ ನಾ ಕೊಡ್ತೀನಿ."

ಅವನ ಮಾತು ಸುಳ್ಳಾಗಿರಲಿಲ್ಲ. ಸಂತೆಯಲ್ಲಿ ಆಗಲೇ ಇಬ್ಬರು ಮೂವರು, "ಆ ಪ್ರಸಾದದ ಮಣಿ ನಮಗೂ ಒಂದು ಬೇಕಾಗಿತ್ರಿ" ಎಂದು ಕೇಳಿದ್ದರು. ನಾನೂ ಮಾಡು ಎಂದೆ, ಹಟ ಹಿಡಿದು ಹೇಳಿದೆ. ಮಾಮಾ ನಗಲಿಲ್ಲ.

"ಕುಂದರಲಾಕ ಮಾಡೀನಿ ಮಕ್ಸೂದ್. ಸುಳ್ಳ ಹೇಳಿ ದೇವ್ರ ಬಾಜೂಕ ಇಡಸೂದು ನನ್ನ ಕೈಲೆ ಆಗಂಗಿಲ್ಲ."

ಖರೇ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಅವನು ಕಡೆಗೆ ತೀರ್ಮಾನ ಮಾಡಿದ. ಎಂಜಲು ಎಂದು ಅಸಹ್ಯ ಪಟ್ಟರೂ ನಿಧಾನಕ್ಕೆ ಒಬ್ಬರಲ್ಲ ಒಬ್ಬರು ಕೂತಾರು. ಪ್ರಸಾದ ಎಂದುಕೊಂಡರೆ ಯಾರೂ ಎಂದೂ ಕೂರುವುದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕ ತಾನೂ ಬರುತ್ತೇನೆ ಎಂದಳು. "ನಾ ಅಂದದ್ದು, ನಾನೇ ನಿಂತು ಕೇಳ್ತೀನಿ" ಎಂದಳು. ಬೆಳಗಿನ ಬಸ್ಸಿಗೆ ಮೂವರೂ ಕಮಲಾಪುರಕ್ಕೆ ಹೋದೆವು.

ಬಂಡೆಮ್ಮ ನಮ್ಮನ್ನು ಬಾಗಿಲಲ್ಲೇ ಕಂಡು ಒಳಗೆ ಕರೆದಳು. ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿ ಮಣೆ ನಿಂತಿತ್ತು, ಮೂರು ಬೆರಳಿನ ವಿಭೂತಿ, ಮೇಲೆ ಒಂದು ಕಣಗಿಲೆ ಹೂವು. ಅವಳು ಚೊಂಬಿನಲ್ಲಿ ನೀರು ತಂದಳು. ಅಕ್ಕನ ಕೈ ಹಿಡಿದು ಅಂಗೈಯ ಒಡೆದ ಬೊಬ್ಬೆಗಳನ್ನು ನೋಡಿದಳು.

"ಈ ಕೈಲೆ ಪ್ರಸಾದ ಕುಟ್ಟಿಯಲ್ಲ ತಾಯಿ. ನಾ ಅವತ್ತು ಎಂಜಲ ಅಂದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ" ಎಂದಳು. ಅಷ್ಟು ದೊಡ್ಡ ಗಂಟಲಿನ ಮುದುಕಿ ಸಣ್ಣಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಪಕ್ಕದ ಮನೆಯ ಹೆಂಗಸರೂ ಬಂದು ಬಾಗಿಲಲ್ಲಿ ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಕೂಸಿತ್ತು. ಕೂಸಿನ ಹಣೆಗೆ ಮಣೆಯ ಮೇಲಿನ ವಿಭೂತಿ ಹಚ್ಚಿದ್ದಳು.

ನನಗೆ ಆಗ ಪೂರ್ತಿ ತಿಳಿಯಿತು. ಖರೇ ಮಾತು ಹೊರಬಿದ್ದರೆ ಇವರೆಲ್ಲ ಜಗಲಿ ತೊಳೆಯಬೇಕು. ದೇವರ ಪಕ್ಕಕ್ಕೆ ಎಂಜಲು ಇಡಿಸಿದವಳು ಎಂದು ನಮ್ಮಕ್ಕನ ಹೆಸರು ಈ ಊರಿನಲ್ಲಿ ಅವಳು ಸತ್ತ ಮೇಲೂ ಉಳಿಯುತ್ತದೆ. ಅಕ್ಕ ತಲೆ ತಗ್ಗಿಸಿ, ಬೀಳುವ ಏಟಿಗೆ ಕಾದವಳಂತೆ ನಿಂತಿದ್ದಳು. ಮಾಮಾ ಅವಳನ್ನು ನೋಡಿದ. ಮಣೆಯನ್ನು ನೋಡಿದ.

"ಏನೋ ಹೇಳ್ಲಾಕ ಬಂದಂಗದ ಚಂದ್ರಶಾ?" ಎಂದಳು ಬಂಡೆಮ್ಮ.

"ಏನಿಲ್ರೀ ಯವ್ವಾ," ಎಂದ ಅವನು. "ಪ್ರಸಾದ ಅದ, ಶುದ್ಧ ಜಾಗಾದಾಗ ಇಟ್ಟೀರಿ. ಅಷ್ಟ ನೋಡಿ ಹೋಗಬೇಕಂತ ಬಂದಿದ್ದಿವ್ರಿ."

ಅಷ್ಟೇ. ಬೆಂಕಿ, ಜಾಕಿ, ಒರಳು, ನೊಣ, ಡ್ರೈವರನ ಬೈಗುಳ ಎಲ್ಲವೂ ಅಲ್ಲಿಗೆ ಮುಗಿಯಿತು. ಮರಳಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಮುಖ ಮಾಡಿ ಅತ್ತಳು. ಮಾಮಾ ಅವಳ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟ, ಮಂದಿ ನೋಡಿದರೆಂದು ತೆಗೆದ. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಬಂಡೆಮ್ಮ ಕೆಟ್ಟವಳಲ್ಲ, ಮಾಸ್ತರರು ಕೆಟ್ಟವರಲ್ಲ, ಅಕ್ಕ ಗಂಡನ ಮಾನ ಉಳಿಸಲು ಹೋದವಳು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನ್ನ ಹೊಟ್ಟೆಯ ಉರಿ ಅಷ್ಟಾದರೂ ತಣ್ಣಗಾಗುತ್ತಿತ್ತು.

ಕಲಬುರಗಿಗೆ ಬಂದು ಇಳಿದಾಗ ಮಧ್ಯಾಹ್ನ ಮೀರಿತ್ತು. ಅಕ್ಕ ಮುಖ ತೊಳೆದು ಒಲೆ ಹಚ್ಚಿ ರೊಟ್ಟಿ ಬಡಿದಳು, ಪುಂಡಿಪಲ್ಯ ಬಿಸಿ ಮಾಡಿದಳು. ಮನೆಯಲ್ಲಿ ಉಳಿದಿದ್ದ ಮಣೆಗಳ ಮೇಲೆ ಅವರು ದಿನವೂ ಕೂತು ಉಣ್ಣುತ್ತಿದ್ದರು. ರೂಢಿಯಂತೆ ಮೂರು ಹಾಕಿ ತಟ್ಟೆ ಇಟ್ಟಳು. ನಾನು ಹಸಿದಿದ್ದೆ, ಕೂತೇಬಿಟ್ಟೆ.

ಮಾಮಾ ಕೈ ತೊಳೆದು ಬಂದವನು ನಿಂತ. ತನ್ನ ಮುಂದಿನ ಮಣೆಯನ್ನು ಎರಡೂ ಕೈಯಿಂದ ಎತ್ತಿ ಗೋಡೆಗೆ ಆನಿಸಿಟ್ಟು, ಬರೀ ನೆಲದ ಮೇಲೆ ಕೂತ.

"ಯಾಕ್ರೀ?" ಎಂದಳು ಅಕ್ಕ, ರೊಟ್ಟಿ ಕೈಯಲ್ಲಿ ಹಿಡಿದು.

"ಪ್ರಸಾದ ಅಂತ ನನ್ನ ಬಾಯಿಲೇ ಅಂದು ಬಂದೀನಲ್ಲ ಅನ್ನಮ್ಮಾ" ಎಂದ ಮಾಮಾ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಹ್ಯಾಂಗ ಕುಂದರ್ಲಿ?"

ಅಕ್ಕ ಅವನ ತಟ್ಟೆಗೆ ರೊಟ್ಟಿ ಹಾಕಿದಳು. ಆಮೇಲೆ ತನ್ನ ಮಣೆಯನ್ನೂ ಎತ್ತಿಟ್ಟಳು. ನಾನು ಎದ್ದು ನನ್ನದನ್ನೂ ಗೋಡೆಗೆ ಆನಿಸಿದೆ. ಮೂವರೂ ತಣ್ಣನೆಯ ಫರಸಿಯ ಮೇಲೆ ಕೂತು ಉಂಡೆವು.